ಕಪ್ಪಿನ ಮೇಲೆ ದಪ್ಪ ಗೆರೆ

ಪರದೆಯ ಮೇಲೆ ಅವಳ ಚಿತ್ರ ಬಂದಾಗ ಮೊದಲು ನಕ್ಕದ್ದು ಹಿಂದಿನ ಸಾಲಿನವರು. ಆಮೇಲೆ ಇಡೀ ಕೋಣೆ.

ಕಪ್ಪು ಹಿನ್ನೆಲೆ. ಅದರ ಮೇಲೆ ಹೆಬ್ಬೆರಳಿನಷ್ಟು ದಪ್ಪನೆಯ ಬಿಳಿ ಗೆರೆಗಳು. ಒಂದು ಸೊನ್ನೆ, ಅದು ತಲೆ. ಸೊನ್ನೆಗೆ ನೇತುಬಿದ್ದ ಕಡ್ಡಿ, ಅದು ಮೈ. ಮೈಗೆ ಸಿಕ್ಕಿಸಿದ ಇನ್ನೆರಡು ಕಡ್ಡಿಗಳು ಕೈ. ಪಕ್ಕದಲ್ಲಿದ್ದದ್ದು ಟೆಲಿಫೋನೋ, ಇಸ್ತ್ರಿ ಪೆಟ್ಟಿಗೆಯೋ ಹೇಳುವುದು ಕಷ್ಟವಿತ್ತು.

ಗ್ರಂಥಾಲಯದ ಮಹಡಿಯಲ್ಲಿ ಒಂದು ದಿನದ ತರಬೇತಿ. ವೆಬ್‌ಕಾಮಿಕ್ ಶುರುಮಾಡುವುದು ಹೇಗೆ ಎಂದು. ಕಲಿಸಲು ಬಂದಿದ್ದವನು ಕಥೆಗಳ ಆ್ಯಪ್ ಒಂದಕ್ಕೆ ಚಿತ್ರ ಬರೆಯುವ ಕಲಾವಿದ. ವಯಸ್ಸು ಚಿಕ್ಕದಾದರೂ ಎಲ್ಲರೂ ಅವನನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಬಂದವರೆಲ್ಲ ಮೊದಲೇ ಕಳಿಸಿದ್ದ ಚಿತ್ರಗಳನ್ನು ಹೆಸರು ಹೇಳದೆ ಒಂದೊಂದಾಗಿ ತೋರಿಸಿ, ತಪ್ಪು ಒಪ್ಪು ಹೇಳುವುದು ಅವನ ಪದ್ಧತಿ.

"ಇದನ್ನು ಬರೆದವರಿಗೆ ಕೈಯೂ ಇಲ್ಲ, ತಾಳ್ಮೆಯೂ ಇಲ್ಲ. ಒಂದು ಕಣ್ಣು, ಒಂದು ಮೂಗು ಇಡೋಕಾದ್ರೂ ಪುರುಸೊತ್ತು ಮಾಡ್ಕೋಬಹುದಿತ್ತು."

ಮತ್ತೆ ನಗು.

ಅವಳು ಎದ್ದು ನಿಂತಳು. ಕೈ ತಣ್ಣಗಾಗಿತ್ತು, ಮುಖ ಮಾತ್ರ ಕಾದ ಹಂಚಾಗಿತ್ತು.

"ನಾನೇ ಬರೆದದ್ದು. ತಾಳ್ಮೆ ಇದೆ. ಕೈ ಮಾತ್ರ ಇಲ್ಲ."

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಮಾತು ಜಾಸ್ತಿಯಾಯಿತೆಂದು ಅವನಿಗೂ ಗೊತ್ತಾಗಿತ್ತು.

"ಅಲ್ಲ... ಯಾಕೆ ಕಪ್ಪು? ಯಾಕಿಷ್ಟು ದಪ್ಪ?"

"ಹಾಗೇ ಬೇಕು."

ಅಷ್ಟೇ ಹೇಳಿ, ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು. ಮೆಟ್ಟಿಲ ತಿರುವಿನಲ್ಲಿ ಹಿಂದೆ ಓಡಿಬರುವ ಹೆಜ್ಜೆ ಕೇಳಿಸಿತು. ಕ್ಷಮೆ ಕೇಳಲು ಬರುತ್ತಿದ್ದಾನೆ, ಕೇಳಲಿ, ನಾನೇನೂ ಕರಗುವುದಿಲ್ಲ ಅಂದುಕೊಂಡಳು. ಮೇಷ್ಟ್ರು ಏದುಸಿರು ಬಿಡುತ್ತಾ ಕೇಳಿದ್ದು ಬೇರೆಯೇ.

"ಆ ಆಪರೇಟರ್ ಹುಡುಗಿ... ದಿನಾ ರಾಂಗ್ ನಂಬರ್ ಮಾಡ್ತಾನಲ್ಲ, ಅವನಿಗೆ ಏನಂದಳು? ನೀವು ಕಳಿಸಿದ್ದು ಅಲ್ಲಿಗೇ ನಿಂತುಹೋಗಿದೆ."

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. "ಅಷ್ಟು ಜನರ ಮುಂದೆ ನಗಿಸಿ ಈಗ ಕಥೆ ಕೇಳ್ತೀರಾ? ನಿಮ್ಮ ಆ್ಯಪಲ್ಲೇ ಇದೆ. ಕಡ್ಡಿ ಅನ್ನೋ ಹೆಸರಲ್ಲಿ. ಓದ್ಕೊಳ್ಳಿ."

ಅವನು ಓದಿಕೊಂಡ. ಅಲ್ಲಿಂದಲೇ ಶುರುವಾದದ್ದು ಎಲ್ಲ.

*

ಅವಳು ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಉಸಿರು ಬಿಗಿಹಿಡಿಯಿರಿ, ಬಿಡಿ, ಆಯಿತು, ಮುಂದಿನವರು. ಬೆಳಗಿನಿಂದ ಸಂಜೆಯವರೆಗೆ ಆಡುವ ಮಾತು ಅಷ್ಟೇ. ಶಾಲೆಯಲ್ಲಿ ಅವಳು ಬರೆದ ಹಸುವನ್ನು ನೋಡಿ ಟೀಚರ್ ಕುರ್ಚಿ ಚೆನ್ನಾಗಿದೆ ಅಂದಿದ್ದರು. ಅಂಥವಳು ಕಾಮಿಕ್ ಬರೆಯಲು ಕೂತದ್ದು ಅಮ್ಮನಿಗಾಗಿ.

ಅಮ್ಮ ಪ್ರಾಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ತಂತಿ, ಮಡಿಲಲ್ಲಿ ಧಾರಾವಾಹಿ ಬರುವ ವಾರಪತ್ರಿಕೆ. ಕೆಲಸದಿಂದ ನಿವೃತ್ತಳಾದರೂ ಓದಿನಿಂದ ಆಗಿರಲಿಲ್ಲ. ಅಂಥ ಅಮ್ಮನ ಕಣ್ಣಿನ ನಡುಭಾಗ ಸವೆಯತೊಡಗಿತು. ಯಾರ ಮುಖ ನೋಡಿದರೂ ಮುಖ ಇರಬೇಕಾದಲ್ಲಿ ಒಂದು ಬೂದು ಕಲೆ. ಅಂಚಿನಲ್ಲಷ್ಟೇ ಇಷ್ಟಿಷ್ಟು ಬೆಳಕು. ಅದೂ ನಿಧಾನವಾಗಿ ಹೋಗುತ್ತದೆ, ಯಾವಾಗ ಅಂತ ಹೇಳಲಾಗದು ಎಂದಿದ್ದರು ಕಣ್ಣಿನ ಡಾಕ್ಟರು.

ಮಗಳು ಓದಿ ಹೇಳಲು ಹೋದಳು. ಅಮ್ಮ ಒಪ್ಪಲಿಲ್ಲ. ಇನ್ನೊಬ್ಬರು ಓದಿ ಹೇಳಿದರೆ ಬೇರೆಯವರ ಕೈಯಲ್ಲಿ ತುತ್ತು ತಿಂದ ಹಾಗಾಗುತ್ತದೆ, ನನ್ನ ಕಥೆಯನ್ನು ನಾನೇ ತಿನ್ನಬೇಕು ಅಂದಳು. ಸಣ್ಣದಾಗಿ ನಕ್ಕು ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದಳು.

ಒಂದು ದಿನ ಆಸ್ಪತ್ರೆಗೆ ಬಂದಿದ್ದ ಅಮ್ಮ, ಎಕ್ಸ್‌ರೇ ಫಿಲ್ಮು ಸಿಕ್ಕಿಸುವ ಬೆಳಕಿನ ಪೆಟ್ಟಿಗೆಯ ಮುಂದೆ ಗಕ್ಕನೆ ನಿಂತಳು. ತಲೆ ಓರೆ ಮಾಡಿದಳು.

"ಇದು ಯಾರದೋ ಕೈ ಅಲ್ವೇನೇ?"

ಹೌದು, ಕೈ. ಕಪ್ಪಿನ ಮೇಲೆ ಬಿಳಿ ಮೂಳೆಗಳು. ಎಷ್ಟೋ ತಿಂಗಳ ಮೇಲೆ ಅಮ್ಮ ಒಂದು ಚಿತ್ರವನ್ನು ತಾನಾಗಿಯೇ ಗುರುತಿಸಿದ್ದಳು.

ಅಂದು ಮಗಳು ಫೋನಿನಲ್ಲಿ ಚಿತ್ರ ಬರೆಯುವ ಆ್ಯಪ್ ಹಾಕಿಕೊಂಡು, ಪರದೆಯನ್ನು ಕಪ್ಪು ಮಾಡಿ, ಇದ್ದುದರಲ್ಲೇ ದಪ್ಪನೆಯ ಬಿಳಿ ಕುಂಚ ಆರಿಸಿಕೊಂಡಳು. ಒಂದು ಚೌಕದಲ್ಲಿ ಒಂದೇ ಚಿತ್ರ, ದಪ್ಪ ಅಕ್ಷರದಲ್ಲಿ ಒಂದೆರಡು ಮಾತು. ಎಕ್ಸ್‌ಚೇಂಜಿನ ಒಬ್ಬಳು ಆಪರೇಟರ್. ದಿನವೂ ತಪ್ಪು ನಂಬರಿಗೆ ಕರೆ ಕೇಳುವ ಒಬ್ಬ ಗಂಡಸು. ಅವನು ಬರಿಯ ದನಿ. ಅವನನ್ನು ಅವಳು ಒಮ್ಮೆಯೂ ಬರೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಂತು ಬರುತ್ತಿತ್ತು. ಅಮ್ಮ ಫೋನನ್ನು ಕಿವಿಯ ಪಕ್ಕಕ್ಕೆ ಹಿಡಿದು, ಕಣ್ಣಂಚಿನಲ್ಲಿ ನೋಡುತ್ತಾ, ಒಂದು ಚೌಕಕ್ಕೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ತೆಗೆದುಕೊಂಡು ಓದುತ್ತಿದ್ದಳು. ಇಬ್ಬರೂ ಕೊನೆಗೆ ಭೇಟಿಯಾಗುತ್ತಾರಾ ಅಂತ ಕೇಳುತ್ತಿದ್ದಳು. ಕೇಳಿ ತಾನೇ, ಬೇಡ ಹೇಳಬೇಡ, ನೋಡಿಯೇ ತಿಳ್ಕೋತೀನಿ ಅನ್ನುತ್ತಿದ್ದಳು.

ಕಣ್ಣಿನ ವಿಷಯ ಯಾರಿಗೂ ಹೇಳಕೂಡದೆಂದು ಅಮ್ಮ ಮಗಳಿಂದ ಆಣೆ ಮಾಡಿಸಿಕೊಂಡಿದ್ದಳು. ತಂಗಿ ಬಂದು ಗೋಳಾಡುತ್ತಾಳೆ, ಅಕ್ಕಪಕ್ಕದವರು ಕೈ ಹಿಡಿದು ನಡೆಸಲು ಬರುತ್ತಾರೆ, ಎಲ್ಲಕ್ಕಿಂತ ಮಿಗಿಲಾಗಿ, ಕಣ್ಣಿಲ್ಲದ ತಾಯಿಯನ್ನು ಕಟ್ಟಿಕೊಂಡವಳು ಎಂದು ಮಗಳ ಹತ್ತಿರ ಯಾರೂ ಸುಳಿಯುವುದಿಲ್ಲ. ಇದು ಅಮ್ಮನ ಲೆಕ್ಕ.

*

ಮೇಷ್ಟ್ರು ಸುಳಿದ.

ಕಡ್ಡಿಯ ಕಂತುಗಳನ್ನೆಲ್ಲ ಓದಿ ಮುಗಿಸಿ, ತರಬೇತಿಯ ಪಟ್ಟಿಯಲ್ಲಿ ಅವಳ ಕೆಲಸದ ಜಾಗ ನೋಡಿಕೊಂಡು ನೇರ ಆಸ್ಪತ್ರೆಗೇ ಬಂದಿದ್ದ. ಅಂದಿನ ಮಾತಿಗೆ ಕ್ಷಮೆ ಕೇಳಿದ. ಕಥೆ ಬಂಗಾರದಂತಿದೆ, ಚಿತ್ರಕ್ಕೆ ಸ್ವಲ್ಪ ಕೈ ಪಳಗಬೇಕು, ನಾನು ಕಲಿಸುತ್ತೇನೆ ಎಂದ. ಅವಳು ಯೋಚಿಸಿ ಹೂಂ ಅಂದಳು. ಆಮೇಲೆ ಅವಳ ಪಾಳಿ ಮುಗಿಯುವ ಹೊತ್ತಿಗೆ ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ಅವನು ಕೂತಿರುವುದು ವಾಡಿಕೆಯಾಯಿತು.

"ಎಲ್ಲೂ ಮುರ್ಕೊಂಡಿಲ್ಲ, ಉಳುಕಿಲ್ಲ, ಆದ್ರೂ ದಿನಾ ಬಂದು ಕೂರ್ತಾನೆ," ಅಂದರು ಹಿರಿಯ ನರ್ಸಮ್ಮ. "ಎದೆಯಲ್ಲೇನಾದ್ರೂ ಸಿಕ್ಕಾಕ್ಕೊಂಡಿದ್ಯೋ ಏನೋ. ಒಂದು ಪ್ಲೇಟು ತೆಗ್ದು ನೋಡೇ."

ಅವಳು ಕೆಂಪಾದಳು. ಪ್ಲೇಟು ತೆಗೆಯದೆಯೂ ಅವಳಿಗೆ ಗೊತ್ತಿತ್ತು.

ಕ್ಯಾಂಟೀನಿನ ಮೇಜಿನ ಮೇಲೆ ಅವನು ಕೈ, ಕಾಲು, ಕುತ್ತಿಗೆ ಬರೆದು ತೋರಿಸುತ್ತಿದ್ದ. ಅವನ ಗೆರೆ ಕೂದಲೆಳೆಯಷ್ಟು ಸಣ್ಣ, ನೀರಿನಂತೆ ಹರಿಯುತ್ತಿತ್ತು. ಅವಳದು ಬೇಲಿ ಗೂಟ. ಆದರೆ ಮೂಳೆಯ ಕೀಲು ಎಲ್ಲಿ ಮಡಿಯುತ್ತದೆ ಎಂದು ಅವಳು ತಿದ್ದಿದಾಗ ಅವನು ತಲೆದೂಗುತ್ತಿದ್ದ. ಕಡ್ಡಿ ಮೇಡಂ ಅಂತ ಕರೆಯುತ್ತಿದ್ದ. ಆ ಹೆಸರು ಅವನ ಬಾಯಲ್ಲಿ ಕೇಳಲೆಂದೇ ಅವಳು ಒಮ್ಮೊಮ್ಮೆ ಕೇಳಿಸದ ಹಾಗೆ ಕೂರುತ್ತಿದ್ದಳು.

ಗೆರೆ ಸಣ್ಣ ಮಾಡಿ, ಬಣ್ಣ ಹಚ್ಚಿ, ಮುಖ ಕೊಡಿ ಎಂದು ಅವನು ಹೇಳುತ್ತಲೇ ಇದ್ದ. ಅವಳು ತಲೆಯಾಡಿಸಿ ಮನೆಗೆ ಹೋಗಿ ಮತ್ತೆ ದಪ್ಪ ಗೆರೆಯನ್ನೇ ಎಳೆಯುತ್ತಿದ್ದಳು. *ಹೇಳಿಬಿಡಲಾ?* ಎಷ್ಟೋ ಸಲ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಣೆ ನೆನಪಾಗುತ್ತಿತ್ತು. ಅವನು ಅದನ್ನು ಅಳುಕು ಅಂದುಕೊಂಡ. ತನ್ನ ಕಥೆಯ ಬೆಲೆ ತನಗೇ ಗೊತ್ತಿಲ್ಲದವಳು ಅಂದುಕೊಂಡ.

ಹಾಗಂದುಕೊಂಡೇ ಆ ಕೆಲಸ ಮಾಡಿದ.

ಜೊತೆಯವಳೊಬ್ಬಳು ರಜೆ ಹಾಕಿ ಅವಳಿಗೆ ಜೋಡಿ ಪಾಳಿ ಬಿದ್ದಿತ್ತು. ಬರೆದಿಟ್ಟ ಕಂತನ್ನು ಭಾನುವಾರ ಬೆಳಿಗ್ಗೆ ಹಾಕಿಬಿಡಿ ಎಂದು ಅವನ ಕೈಗೆ ಒಪ್ಪಿಸಿದ್ದಳು. ಬೆಳಿಗ್ಗೆ ಎರಡು ರೋಗಿಗಳ ನಡುವೆ ಫೋನು ತೆರೆದರೆ, ಅಲ್ಲಿದ್ದದ್ದು ಅವಳ ಕಂತಲ್ಲ.

ತಿಳಿನೀಲಿ ಮುಂಜಾವು. ಕಿಟಕಿಯ ಬೆಳಕು ತಂತಿಗಳ ಮೇಲೆ ಜಾರುತ್ತಿದೆ. ಆಪರೇಟರ್ ಹುಡುಗಿಗೆ ಮುಖ ಬಂದಿದೆ. ಹುಬ್ಬಿನ ಮೇಲೆ ಒಂದು ಸಣ್ಣ ಮಚ್ಚೆ. ಆ ಮಚ್ಚೆ ಇರುವುದು ಫೋನು ಹಿಡಿದು ನಿಂತವಳ ಹುಬ್ಬಿನ ಮೇಲೆ. ಕಥೆ ಅವಳದೇ, ಮಾತು ಅವಳವೇ. ಕೆಳಗೆ ತನ್ನ ಹೆಸರನ್ನು ಅವನು ಎಲ್ಲಿಯೂ ಹಾಕಿಕೊಂಡಿರಲಿಲ್ಲ. ಓದಿದವರ ಮೆಚ್ಚುಗೆ ಒಂದರ ಹಿಂದೊಂದು ಬಂದು ಬೀಳುತ್ತಿತ್ತು.

ಇಷ್ಟು ಹತ್ತಿರದಿಂದ ತನ್ನನ್ನು ಯಾರಾದರೂ ನೋಡಿದ್ದಾರಾ? ಹಾಗೇ ಒಂದು ಕ್ಷಣ ಗೋಡೆಗೊರಗಿ ನಿಂತಳು.

ಆಮೇಲೆ ಅಮ್ಮನ ನೆನಪಾಯಿತು.

*

ನರ್ಸಮ್ಮನಿಗೆ ಹೇಳಿ ಮನೆಗೆ ಓಡಿದಾಗ ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಫೋನು ಕಿವಿಯ ಪಕ್ಕದಲ್ಲಿತ್ತು. ಎತ್ತಿ ಹಿಡಿದ ಕೈ ಸೋತು, ಇನ್ನೊಂದು ಕೈಯನ್ನು ಅದಕ್ಕೆ ಆಸರೆ ಕೊಟ್ಟಿದ್ದಳು.

"ಬಂದ್ಯಾ? ಈ ಸಲ ಕಥೆಯಲ್ಲಿ ಮಂಜು ಬಿದ್ದಿದ್ಯೇನೇ? ಎಲ್ಲಾ ಬೆಳ್ಳಗೆ, ಏನೂ ಕಾಣ್ತಿಲ್ಲ. ಅವಳು ಮಂಜಲ್ಲಿ ದಾರಿ ತಪ್ಪಿದ್ಲಾ?"

ಮಗಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ.

ಆ ಮೌನವೇ ಸಾಕಾಯಿತು ಅಮ್ಮನಿಗೆ. ಜೀವನಪೂರ್ತಿ ದನಿ ಕೇಳಿಯೇ ಮನುಷ್ಯರನ್ನು ಓದಿದವಳು. ಫೋನನ್ನು ಮೆಲ್ಲನೆ ಮಡಿಲಲ್ಲಿಟ್ಟುಕೊಂಡಳು.

"ಮಂಜಿಲ್ಲ," ಅಂದಳು. "ಹಾಗಾದ್ರೆ ಮುಗೀತು. ರಾತ್ರಿ ಮಲಗೋವಾಗ ಇತ್ತು ಕಣೇ. ಬೆಳಗಾಗೋದ್ರೊಳಗೆ ಹೋಯ್ತು."

ಮಗಳು ಮಂಡಿಯೂರಿ ಅಮ್ಮನ ಕೈ ಹಿಡಿದು, ಕಣ್ಣು ಹೋಗಿಲ್ಲ, ಚಿತ್ರ ಬೇರೆಯದು, ಮೇಷ್ಟ್ರದು, ತಪ್ಪಾಗಿದೆ ಎಂದು ತಡವರಿಸಿದಳು. ತನ್ನ ಹಳೆಯ ಕಂತನ್ನು ತೆರೆದು ಹಿಡಿದಳು. ಅಮ್ಮ ತಲೆ ಓರೆ ಮಾಡಿದಳು. ಬಹಳ ಹೊತ್ತು ನೋಡಿದಳು.

"ಸೊನ್ನೆ... ಕಡ್ಡಿ..." ಅಂದಳು. ಆಮೇಲೆ ಮಕ್ಕಳ ಹಾಗೆ ಬಿಕ್ಕಿದಳು. ಕಣ್ಣು ಸವೆಯಲು ಶುರುವಾದ ಮೇಲೆ ಅಮ್ಮ ಅತ್ತದ್ದು ಅದೇ ಮೊದಲು.

ಆ ಅಳು ಮಗಳ ಎದೆಯೊಳಗೆ ಕೆಂಡವಾಗಿ ಕೂತಿತು. ಮಾರನೆಯ ದಿನ ಬೆಂಚಿನ ಮೇಲೆ ಮುಗುಳ್ನಗುತ್ತಾ ಕೂತಿದ್ದವನ ಮುಂದೆ ಅದು ಹಾಗೇ ಹೊರಬಿತ್ತು.

"ನನ್ನ ಕಥೆಗೆ ಕೈ ಹಾಕೋಕೆ ನಿಮಗ್ಯಾರು ಹೇಳಿದ್ದು?"

ಅವನ ನಗು ಮುಖದಲ್ಲೇ ಒಣಗಿತು. "ಚೆಂದ ಮಾಡಿದೆ, ಅಷ್ಟೇ... ನಿಮಗೆ ಖುಷಿಯಾಗುತ್ತೆ ಅಂತ."

"ಚೆಂದ ಯಾರಿಗೆ ಬೇಕಿತ್ತು?"

"ಮತ್ತೇನು ಬೇಕಿತ್ತು? ಅದನ್ನಾದ್ರೂ ಹೇಳಿ."

ಅವಳು ಹೇಳಲಿಲ್ಲ. ಹೇಳುವಂತಿರಲಿಲ್ಲ. ಒಬ್ಬ ರೋಗಿಯನ್ನು ಒಳಗೆ ಕರೆದು, ಉಸಿರು ಬಿಗಿಹಿಡಿಯಿರಿ ಎಂದು ಹೇಳಿ ಅವಳು ಹೊರಗೆ ಬರುವಷ್ಟರಲ್ಲಿ ಬೆಂಚು ಖಾಲಿಯಾಗಿತ್ತು.

*

ಅಲ್ಲಿಗೆ ಕಡ್ಡಿ ನಿಂತಿತು.

ಬಣ್ಣದ ಕಂತನ್ನು ಅಳಿಸಿ ತಾನು ಬರೆದಿಟ್ಟಿದ್ದನ್ನೇ ಹಾಕಿದ್ದಳು. ಓದುಗರು ಬಣ್ಣದ ಕಂತು ಎಲ್ಲಿ ಹೋಯಿತು, ಮತ್ತೆ ಈ ಗೂಟಗಳೇ ಯಾಕೆ ಎಂದು ಬೈದರು. ಬೈಗುಳ ಅವಳನ್ನು ಮುಟ್ಟಲಿಲ್ಲ. ಕುಂಚ ಆರಿಸಿಕೊಂಡು ಕೂತರೆ ಕೈ ಏಳುತ್ತಿರಲಿಲ್ಲ. ಕೊನೆಯ ಕಂತೊಂದೇ ಬಾಕಿ; ಆಪರೇಟರನ್ನೂ ಆ ದನಿಯವನನ್ನೂ ಒಂದೆಡೆ ಸೇರಿಸಬೇಕು. ಸೇರುವುದೆಂದರೆ ಏನೆಂದೇ ಈಗ ಅವಳಿಗೆ ಮರೆತುಹೋದಂತಿತ್ತು.

*ನಾನು ಹೇಳಬಹುದಿತ್ತು. ಒಂದು ಮಾತು.* ಆದರೆ ಅವನಾದರೂ ಕೇಳದೆ ಯಾಕೆ ಮಾಡಿದ?

ಅಷ್ಟರಲ್ಲಿ ಅಮ್ಮನ ಕಣ್ಣಂಚಿನ ಬೆಳಕು ಇನ್ನಷ್ಟು ಕುಗ್ಗಿತು. ಫೋನಿನ ಪರದೆಯಲ್ಲಿ ಸೊನ್ನೆ ಯಾವುದು, ಕಡ್ಡಿ ಯಾವುದು ಎಂದು ತಡಕಾಡತೊಡಗಿದಳು. ಕೊನೆಯದನ್ನು ನೋಡಲು ಆಗುತ್ತೋ ಇಲ್ಲವೋ ಎಂದು ಒಮ್ಮೆ ಹೇಳಿ, ಮತ್ತೆ ಆ ಮಾತು ಎತ್ತಲಿಲ್ಲ. ಎತ್ತದಿದ್ದದ್ದೇ ಮಗಳಿಗೆ ಹೆಚ್ಚು ಚುಚ್ಚಿತು.

ಒಂದು ಸಂಜೆ ಪಾಳಿ ಮುಗಿಸಿ ಬಂದಾಗ ಮನೆ ಬಾಗಿಲಲ್ಲಿ ಗಂಡಸಿನ ಚಪ್ಪಲಿ ಇತ್ತು. ಒಳಗೆ ಅಮ್ಮನ ಎದುರಿಗೆ, ಕುರ್ಚಿಯ ತುದಿಯಲ್ಲಿ, ಮೇಷ್ಟ್ರು ಕೂತಿದ್ದ. ಅವನ ಕಣ್ಣು ಕೆಂಪಾಗಿತ್ತು.

"ನಾನೇ ಕರೆಸಿದೆ," ಅಂದಳು ಅಮ್ಮ. "ಯಾರಿಗೋ ಇವನ ನಂಬರ್ ಹೇಳ್ತಿದ್ದೆಯಲ್ಲ, ಕಿವಿಗೆ ಬಿದ್ದಿತ್ತು. ಆಪರೇಟರ್ ಕಿವಿಗೆ ಬಿದ್ದ ನಂಬರ್ ಎಲ್ಲಿಗೂ ಹೋಗಲ್ಲ. ಕಣ್ಣಿನ ಕಥೆಯೆಲ್ಲ ಹೇಳಿದೀನಿ. ಆಣೆ ಹಾಕಿಸ್ಕೊಂಡವಳು ನಾನು, ಮುರಿದವಳೂ ನಾನೇ. ನೀನು ಮುಖ ಗಂಟು ಹಾಕ್ಕೊಂಡಿದ್ರೆ ಬಿಡಿಸ್ಕೋ, ನನಗಂತೂ ಕಾಣಲ್ಲ."

ಎದ್ದು ಗೋಡೆ ಸವರುತ್ತಾ ಅಡುಗೆಮನೆಗೆ ಹೋದಳು.

ಇಬ್ಬರೇ ಉಳಿದರು. ಅವನು ತಲೆ ಎತ್ತಲಿಲ್ಲ.

"ಒಂದು ಬೆಳಿಗ್ಗೆ ಅವರ ಕಣ್ಣು ಕಿತ್ತುಕೊಂಡ ಹಾಗೆ ಮಾಡಿಬಿಟ್ಟೆ."

"ನಿಮಗೆ ಗೊತ್ತಿರ್ಲಿಲ್ಲ."

"ಕೇಳಬಹುದಿತ್ತು. ಮೊದಲ ದಿನ ಯಾಕೆ ದಪ್ಪ ಅಂತ ಕೇಳಿದೆ, ಉತ್ತರಕ್ಕೆ ಕಾಯಲಿಲ್ಲ. ಆಮೇಲೂ ಕಾಯಲಿಲ್ಲ." ಕನ್ನಡಕ ತೆಗೆದು ಒರೆಸುತ್ತಾ ಹೇಳಿದ: "ನಿಜ ಹೇಳ್ಲಾ? ಕಥೆ ಚೆಂದ ಆಗ್ಲಿ ಅಂತ ಅಲ್ಲ ನಾನು ಬಣ್ಣ ಹಚ್ಚಿದ್ದು. ಅದರೊಳಗೆ ನಾನೂ ಎಲ್ಲಾದ್ರೂ ಇರಬೇಕು ಅನ್ನಿಸಿತ್ತು. ಒಳಗೆ ಬರೋಕೆ ನನಗೆ ಗೊತ್ತಿರೋದು ಅದೊಂದೇ ದಾರಿ."

ಅವಳ ಎದೆಯ ಕೆಂಡಕ್ಕೆ ನೀರು ಬಿದ್ದಂತಾಯಿತು. ಹೊಗೆ ಕಣ್ಣಿಗೆ ಬಂತು.

ಕೊನೆಯ ಕಂತು ಇನ್ನೂ ಬರೆದಿಲ್ಲ, ಬರೆದರೂ ಫೋನಿನಲ್ಲಿ ಅಮ್ಮನಿಗೆ ಇನ್ನು ಕಾಣದು ಎಂದು ಅವಳು ಹೇಳಿದಳು. ಅವನು ಸುತ್ತ ನೋಡಿದ. ಅಮ್ಮನ ಕೋಣೆಯ ಉದ್ದನೆಯ ಗೋಡೆಯ ಮೇಲೆ ಅವನ ನೋಟ ನಿಂತಿತು.

"ಫೋನು ಚಿಕ್ಕದಾಯ್ತು ಅಷ್ಟೇ," ಅಂದ. "ಗೋಡೆ ಇದೆಯಲ್ಲ."

*

ಗೋಡೆಗೆ ಕಪ್ಪು ಬಳಿದವನು ಅವನು. ಒಣಗಿದ ಮೇಲೆ ಸುಣ್ಣ ಹೊಡೆಯುವ ಅಗಲದ ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ ಅವಳ ಕೈಗೆ ಕೊಟ್ಟ. ತಾನು ಡಬ್ಬ ಹಿಡಿದು ನಿಂತ. ಒಂದು ಗೆರೆಯನ್ನೂ ತಿದ್ದಲಿಲ್ಲ. ಸೊನ್ನೆ ಸೊಟ್ಟಗಾದಾಗ ಅವಳೇ ಅಳಿಸಲು ಹೋದರೆ, ಬಿಡಿ, ಅವರಿಗೆ ಗೊತ್ತಿರೋದು ಈ ಸೊಟ್ಟ ಸೊನ್ನೆಯೇ ಅಂದ.

ಆಪರೇಟರ್ ಹೆಡ್‌ಫೋನ್ ಕಳಚಿಡುತ್ತಾಳೆ. ಮೆಟ್ಟಿಲಿಳಿಯುತ್ತಾಳೆ. ಬೀದಿಗೆ ಬರುತ್ತಾಳೆ. ಅಳುಕಿಲ್ಲದೆ ಕೈ ಓಡಿತು. ಒಬ್ಬೊಬ್ಬ ಕಡ್ಡಿ ಮನುಷ್ಯನೂ ಅಮ್ಮನ ಮೊಣಕೈಯಷ್ಟು ಎತ್ತರ. ಕೊನೆಯ ಚೌಕದಲ್ಲಿ ಆಪರೇಟರನ್ನು ಒಂದು ಬದಿಗೆ ನಿಲ್ಲಿಸಿದಳು. ಇನ್ನೊಂದು ಬದಿ ಕಪ್ಪಗೆ ಖಾಲಿ ಉಳಿಯಿತು.

ಕುಂಚ ಅಲ್ಲಿಗೇ ನಿಂತಿತು. ಇಷ್ಟು ಕಾಲ ಬರಿಯ ದನಿಯಾಗಿದ್ದವನು. ಅವನು ಹೇಗೆ ನಿಲ್ಲುತ್ತಾನೆ, ಹೇಗೆ ಕೈ ಚಾಚುತ್ತಾನೆ, ಅವಳಿಗೆ ತೋಚಲಿಲ್ಲ.

ಕುಂಚವನ್ನು ಮೇಷ್ಟ್ರ ಕಡೆಗೆ ಚಾಚಿದಳು.

"ಅವನನ್ನು ನೀವು ಬರೀರಿ."

ಅವನು ಹಿಂದೆ ಸರಿದ. "ಬೇಡ. ನನ್ನ ಕೈ ಸುಮ್ಮನಿರಲ್ಲ. ಮತ್ತೆ ಚೆಂದ ಮಾಡಿಬಿಟ್ರೆ?"

"ಚೆಂದ ಮಾಡೋಕೆ ಜಾಗ ಇಲ್ಲ. ಒಂದು ಸೊನ್ನೆ, ನಾಲ್ಕು ಗೆರೆ. ಮುಖ ಇಡೋ ಹಾಗಿಲ್ಲ."

ಕೂದಲೆಳೆಯಂಥ ಗೆರೆ ಎಳೆಯುವ ಕೈ ಅಗಲದ ಕುಂಚ ಹಿಡಿದು ನಡುಗಿತು. ಸೊನ್ನೆ ಬರೆದ. ಕಡ್ಡಿ ಎಳೆದ. ಒಂದು ತೋಳನ್ನು ಆಪರೇಟರ್ ಹುಡುಗಿಯ ಕಡೆಗೆ ಎಳೆಯುತ್ತಾ ಬಂದು, ಅವಳ ತೋಳು ಮುಟ್ಟುವ ಮೊದಲೇ ಕುಂಚ ಎತ್ತಿ, ಪಕ್ಕದಲ್ಲಿ ನಿಂತವಳ ಮುಖ ನೋಡಿದ. ಕೇಳುತ್ತಿದ್ದ. ಈ ಸಲ ಕಾಯುತ್ತಿದ್ದ.

ಅವಳು ತಲೆಯಾಡಿಸಿದಳು. ಅವನು ಗೆರೆಯನ್ನು ಕೊನೆ ಮುಟ್ಟಿಸಿದ.

ಆಮೇಲೆ ಅಮ್ಮನನ್ನು ಕರೆದು, ಇಬ್ಬರೂ ಬಾಗಿಲ ಬಳಿ ನಿಂತರು. ಪರೀಕ್ಷೆಯ ಫಲಿತಾಂಶ ನೋಡಲು ಬಂದ ಮಕ್ಕಳ ಹಾಗೆ.

ಅಮ್ಮ ಗೋಡೆಯ ಎಡತುದಿಯಿಂದ ಹೊರಟಳು. ತಲೆ ಓರೆ ಮಾಡಿ, ಕೆನ್ನೆ ಗೋಡೆಗೆ ತಾಗುವಷ್ಟು ಹತ್ತಿರ. ಒಮ್ಮೆ ಹಿಂದೆ ಸರಿದಳು, ಒಂದು ಚೌಕಕ್ಕೆ ಮರಳಿದಳು. ಯಾರೂ ಏನೂ ಹೇಳಿಕೊಡಲಿಲ್ಲ. ಮಗಳಿಗೆ ಉಸಿರು ಬಿಗಿಹಿಡಿದದ್ದೇ ಮರೆತಿತ್ತು. ಕಿಟಕಿಯ ಬಿಸಿಲು ಒಂದು ಚೌಕದಿಂದ ಇನ್ನೊಂದಕ್ಕೆ ಸರಿಯಿತು. ಅಮ್ಮನೂ ಸರಿದಳು.

ಕೊನೆಯ ಚೌಕದ ಮುಂದೆ ಬಹಳ ಹೊತ್ತು ನಿಂತಳು. ಬೆರಳಿನಿಂದ ಮುಟ್ಟಲಿಲ್ಲ. ನೋಡಿದಳು.

"ಬಂದ," ಅಂದಳು. "ಕೊನೆಗೂ ಬಂದ ಕಣೇ."

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಇವನ ಗೆರೆ ಬೇರೆ," ಅಮ್ಮ ಮತ್ತೆ ಅಂದಳು. "ನಿನ್ನ ಗೆರೆ ಮೊಂಡು. ಇದು ಹೆದರಿಕೊಂಡು ಬಂದಿದೆ."

"ಹೌದಮ್ಮ," ಅಂದ ಮೇಷ್ಟ್ರು, ಬಾಗಿಲಿಂದಲೇ. "ಹೆದರಿಕೊಂಡೇ ಬಂದದ್ದು."

ಅಮ್ಮ ದನಿ ಬಂದತ್ತ ತಿರುಗಿದಳು. "ಬಂದೆಯಲ್ಲಪ್ಪ. ಸಾಕು." ಆಮೇಲೆ ಗೋಡೆಯ ಆರಂಭಕ್ಕೆ ಹೋಗಿ, ಮೊದಲಿನಿಂದ ಮತ್ತೆ ಓದತೊಡಗಿದಳು. ಇನ್ನು ಅವಳಿಗೆ ಇವರ ಪರಿವೆ ಇರಲಿಲ್ಲ.

ಹಿತ್ತಲ ನಲ್ಲಿಯಲ್ಲಿ ಅವಳು ಕುಂಚ ತೊಳೆಯುತ್ತಿದ್ದಳು. ಬಿಳಿ ನೀರು ಕಲ್ಲಿನ ಮೇಲೆ ಹರಿಯಿತು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವಳ ಮೊಣಕೈಗೆ ಅಂಟಿದ್ದ ಬಣ್ಣವನ್ನು ಬೆರಳಿನಿಂದ ಉಜ್ಜಿದ. ಹೋಗಲಿಲ್ಲ. ಕೈಯನ್ನು ಅವನು ಹಿಂದೆ ತೆಗೆದುಕೊಳ್ಳಲೂ ಇಲ್ಲ.

"ಇದು ಎಷ್ಟು ದಿನ ಕಾಣುತ್ತೋ ಅವರಿಗೆ," ಅಂದ.

"ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ. ಇವತ್ತು ಕಂಡಿತು."

ನಲ್ಲಿ ನಿಲ್ಲಿಸಿದಳು. ಒಳಗೆ ಅಮ್ಮ ಗೋಡೆಯ ಮುಂದೆ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದುದು ಕೇಳಿಸಿತು.

"ನನಗೆ ಒಂದು ಹೇಳಬೇಕಿದೆ," ಅಂದಳು. "ಚೆನ್ನಾಗಿ ಹೇಳೋಕೆ ಬರಲ್ಲ."

"ನಾನು ತಿದ್ದಲ್ಲ. ಹೇಳಿ."

"ನೀವು ಹೋದ ಮೇಲೆ ಆ ಬೆಂಚಲ್ಲಿ ಯಾರು ಕೂತ್ರೂ ನನಗೆ ಸಿಟ್ಟು ಬರ್ತಿತ್ತು. ಪಾಪ, ಕಾಲು ಮುರಿದೋರು ಕೂತ್ರೂ."

ಅವನು ನಗಲಿಲ್ಲ. ಒದ್ದೆ ಕುಂಚವನ್ನು ಅವಳ ಕೈಯಿಂದ ತೆಗೆದು ಕಲ್ಲಿನ ಮೇಲೆ ಇಟ್ಟ, ಅವಳ ಒದ್ದೆ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದುಕೊಂಡ.

"ನಾಳೆಯಿಂದ ನಾನೇ ಕೂರ್ತೀನಿ."